ಹೆಂಡತಿಯ ಜಾಗಕ್ಕೆ ದರ್ಭೆ

ಇಚಿಲಂಪಾಡಿ
ಶನಿವಾರ

ಅತ್ತೆಯವರಿಗೆ ಗಾನಶ್ರೀಯ ನಮಸ್ಕಾರಗಳು.

ಪ್ರವಾಸ ಮುಗಿಸಿ ಎಲ್ಲರೂ ಸುಖವಾಗಿ ಮನೆಗೆ ತಲುಪಿದ್ದೀರಿ ಎಂದುಕೊಳ್ಳುತ್ತೇನೆ. ಬೀಗದ ಕೈಯನ್ನೂ ಈ ಪತ್ರವನ್ನೂ ಪಕ್ಕದ ಮನೆಯ ದಮಯಂತಿಯಕ್ಕನ ಹತ್ತಿರ ಕೊಟ್ಟಿದ್ದೇನೆ. ಇವತ್ತು ದನಕ್ಕೆ ಹುಲ್ಲು ಹಾಕುವುದೂ ಅವರೇ. ರಾತ್ರಿಗೆ ಸಾರು ಫ್ರಿಜ್ಜಿನಲ್ಲಿದೆ, ಅನ್ನ ಮಾತ್ರ ಮಾಡಿಕೊಳ್ಳಿ.

ಫೋಟೋಗಳು ಬಂದವು. ಕನ್ಯಾಕುಮಾರಿಯ ತೆರೆಯಲ್ಲಿ ನೀವು ಸೀರೆ ಎತ್ತಿ ಹಿಡಿದು ನಗುತ್ತಿರುವುದು ಚೆನ್ನಾಗಿದೆ. ಮನೆಯಲ್ಲಿ ನೀವು ಅಷ್ಟು ನಕ್ಕದ್ದನ್ನು ನಾನು ನೋಡಿಲ್ಲ. ರಾಮೇಶ್ವರದಲ್ಲಿ ಮಕ್ಕಳಾಗಲೆಂದು ನಿಮ್ಮ ಮಗ ಒಬ್ಬರೇ ಸಂಕಲ್ಪಕ್ಕೆ ಕೂತದ್ದನ್ನೂ ನೋಡಿದೆ. ಪಕ್ಕದಲ್ಲಿ ಹೆಂಡತಿಯ ಜಾಗಕ್ಕೆ ದರ್ಭೆ ಇಟ್ಟಿದ್ದೀರಲ್ಲ, ಚೊಕ್ಕವಾಗಿದೆ.

ನನ್ನ ಮುಟ್ಟಿನ ದಿನ ನೋಡಿಯೇ ನೀವು ಪ್ರವಾಸಕ್ಕೆ ದಿನ ಗೊತ್ತುಮಾಡಿದ್ದು ನನಗೆ ತಿಳಿಯದ್ದಲ್ಲ. ಹೊರಡುವಾಗ, “ದೇವಸ್ಥಾನಕ್ಕೆ ಹೋಗುದಲ್ವಾ, ಎಂತ ಮಾಡುದು? ನೀನು ಹೇಗೂ ಹೊರಗೆ ಕೂರುವವಳು, ದನದ ಹಟ್ಟಿ ನೋಡಿಕೋ” ಎಂದಿರಿ. ನಿಮ್ಮ ಮಗ ಆಗ ಚಪ್ಪಲಿ ಹುಡುಕುತ್ತಿದ್ದರು.

ಈ ಸಲ ನಾನು ಹೊರಗೆ ಕೂರಲೇ ಇಲ್ಲ. ನಿಮ್ಮ ಸಮುದ್ರಸ್ನಾನದ ಫೋಟೋ ಬಂದ ದಿನ ಕಡಬಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ ಬಂದೆ. ನೀವು ಅಲ್ಲಿ ದೇವರ ಹತ್ತಿರ ಬೇಡುತ್ತಿದ್ದದ್ದು, ಇಲ್ಲಿ ನನ್ನ ಹೊಟ್ಟೆಯಲ್ಲಿದ್ದುಕೊಂಡು ನಿಮ್ಮ ಹಟ್ಟಿಯ ಸೆಗಣಿ ಬಾಚುತ್ತಿತ್ತು.

ನಾನು ಆಲಂಕಾರಿಗೆ, ಅಮ್ಮನ ಮನೆಗೆ ಹೋಗುತ್ತಿದ್ದೇನೆ. ಕರೆಯಲು ಯಾರೂ ಬರಬೇಡಿ. ನಾಮಕರಣಕ್ಕೂ ನೀವು, ನಿಮ್ಮ ಮಗ ಬರುವುದು ಬೇಡ. ಅಪ್ಪನ ಜಾಗಕ್ಕೊಂದು, ಅಜ್ಜಿಯ ಜಾಗಕ್ಕೊಂದು ದರ್ಭೆ ಇಟ್ಟುಕೊಳ್ಳುತ್ತೇವೆ.

ಇಂತಿ,
ಗಾನಶ್ರೀ