ಫಲಾಫೆಲ್ ಸುತ್ತಿದ ಏಳನೆಯ ಅಧ್ಯಾಯ

ಮಾರ್ಚ್ 4, ಬೆಳಿಗ್ಗೆ

ಕರೆಂಟ್ ಇಲ್ಲ. ಚಹಾ, ಅರ್ಧ ಸಮೂನ್ ರೊಟ್ಟಿ, ಕಾಲೇಜಿಗೆ ಓಟ. ಬಸ್ರಾದಲ್ಲಿ ಮಾರ್ಚಿಗೇ ಬೆವರು.

ಮೊದಲ ವರ್ಷದವರಿಗೆ ಆರನೆಯ ಅಧ್ಯಾಯ ಮುಗಿಸಿದೆ. ಮುಂದಿನದು ಏಳು, ಮನುಷ್ಯನ ವಂಶ. ಒಂಬತ್ತು ವರ್ಷ ಕೂತು ವಿಕಾಸದ ಈ ಪುಸ್ತಕ ಬರೆದದ್ದೇ ಆ ಅಧ್ಯಾಯಕ್ಕಾಗಿ.

ಪಾಠ ಮುಗಿದ ಕೂಡಲೇ ಎಂದಿನ ಪ್ರಶ್ನೆ. "ದಕ್ತೋರಾ ಮೇಡಂ, ಕೈಬಿಟ್ಟಿದ್ದು ಯಾವ್ಯಾವ ಪುಟ?" ಪರೀಕ್ಷೆಗಿಲ್ಲ ಎಂದರೆ ಸಾಕು, ಪುಟಕ್ಕೆ ಅಡ್ಡಗೀಟು. ಆಮೇಲೆ ಅದನ್ನು ನಾಯಿಯೂ ಮೂಸುವುದಿಲ್ಲ.

"ಏನೂ ಬಿಟ್ಟಿಲ್ಲ."

ಮೂರು ಬೆಂಚು ಒಟ್ಟಿಗೆ ನಿಟ್ಟುಸಿರಿಟ್ಟವು.

ಮಾರ್ಚ್ 6

ವಿಭಾಗದ ಮುಖ್ಯಸ್ಥ ಮುಹನ್ನದ್ ಕರೆಸಿದರು.

"ಏಳನೇದು ಬಿಟ್ಬಿಡಿ ಸುಹಾದ್. ಮನೆಯವರು ಫೋನ್ ಮಾಡ್ತಾರೆ, ನಮ್ಮ ಮಕ್ಕಳಿಗೆ ಕೋತಿ ಪಾಠನಾ ಅಂತ."

"ಪುಸ್ತಕದಲ್ಲಿ ಎಲ್ಲಾದ್ರೂ ಕೋತಿ ಇದ್ರೆ ತೋರಿಸಿ ಸರ್."

"ಹಟ ಬೇಡ. ಆ ಅಧ್ಯಾಯಕ್ಕೆ ಒಂದೇ ಒಂದು ಅಂಕ ಕೊಟ್ರೂ, ಮುಂದಿನ ವರ್ಷ ಈ ಪಾಠ ನಿಮಗಿಲ್ಲ. ನಿಮ್ಮ ಪುಸ್ತಕಾನೂ ಇರಲ್ಲ."

ಅವರ ತಲೆಯ ಹಿಂದೆ, ಗೋಡೆ ಮೇಲೆ, ಅವರ ಬುಡಕಟ್ಟಿನ ವಂಶವೃಕ್ಷ. ಚಿನ್ನದ ಬಣ್ಣದ ಚೌಕಟ್ಟು.

"ಇದು ಎಷ್ಟು ತಲೆಮಾರು ಸರ್?"

"ಇಪ್ಪತ್ತೆರಡು."

"ಅದರ ಬೇರಿಗಿಂತ ಕೆಳಗಿನದೇ ನನ್ನ ಏಳನೇ ಅಧ್ಯಾಯ."

ನಗಲಿಲ್ಲ. ಅಧ್ಯಾಯ ಕೈಬಿಡುವ ನೋಟಿಸನ್ನು ನನ್ನತ್ತ ತಳ್ಳಿದರು, ನಾನು ಸಹಿ ಹಾಕಲಿಲ್ಲ. ಕೆಟ್ಟ ಮನುಷ್ಯ ಅಲ್ಲ, ಹೆದರಿದ ಮನುಷ್ಯ. ನನಗೆ ಸಿಟ್ಟು ಬರುವುದೇ ಅದಕ್ಕೆ.

ಮಾರ್ಚ್ 9

ನೋಟಿಸ್ ಬೋರ್ಡಿನಲ್ಲಿ: ಪುಟ 131ರಿಂದ 152 ಕೈಬಿಡಲಾಗಿದೆ. ಸಹಿ ಅವರದೇ.

ಆದರೂ ಪಾಠ ಮಾಡಲು ಹೋದೆ. ಬೆಂಚು ಖಾಲಿ... ಹಿಂದಿನ ಸಾಲಿನಲ್ಲಿ ರಬಾಬ್ ಒಬ್ಬಳೇ. ಕುರ್ನಾ ಕಡೆಯ ಹುಡುಗಿ, ವರ್ಷವಿಡೀ ಬಾಯಿ ಬಿಟ್ಟಿಲ್ಲ. ಪುಸ್ತಕ ತೆರೆಯುವಷ್ಟರಲ್ಲಿ ಗುಮಾಸ್ತ ಬಂದ. "ಈ ಕ್ಲಾಸು ಇಲ್ವಂತೆ, ಸಾಹೇಬ್ರು ಹೇಳಿದಾರೆ." ಅವಳೂ ಎದ್ದು ಹೋದಳು.

ಮಾರ್ಚ್ 10

ಗೇಟಿನೆದುರು ಅಬು ಲೈಸ್‌ನ ಜೆರಾಕ್ಸ್ ಅಂಗಡಿ. ಅಚ್ಚಾದ ಪ್ರತಿ ಮುಗಿದು ಎಷ್ಟೋ ಕಾಲವಾಯಿತು. ಎಲ್ಲರೂ ಅವನು ಒಂದೇ ಬದಿಗೆ ತೆಗೆದು ಹೊಲಿದು ಕೊಡುವ ಜೆರಾಕ್ಸನ್ನೇ ಓದುವುದು. ಹೊಸ ಪ್ರತಿ ಎತ್ತಿ ನೋಡಿದೆ. 130 ಆದಮೇಲೆ 153.

"ಬಿಟ್ಟ ಪುಟ ಹಾಕಿದ್ರೆ ಹುಡುಗ್ರು ಬೈತಾರೆ ದಕ್ತೋರಾ. ಭಾರ ಅಂತ."

"ತೆಗೆದಿದ್ದೆಲ್ಲ ಎಲ್ಲಿ?"

ಪಕ್ಕಕ್ಕೆ ಗದ್ದ ತೋರಿಸಿದ. ಅವನ ಭಾವಮೈದುನನ ಫಲಾಫೆಲ್ ಗಾಡಿ. "ಸುತ್ತೋಕೆ ಕೊಟ್ಟೆ. ಒಳ್ಳೇ ಕಾಗದ."

ನನ್ನ ತಲೆಬುರುಡೆಯ ಚಿತ್ರದ ಮೇಲೆ ಮಾವಿನ ಉಪ್ಪಿನಕಾಯಿಯ ಹಳದಿ. ಮೈಯೆಲ್ಲ ಉರಿಯಿತು. ಮನೆಗೆ ನಡೆದೇ ಬಂದೆ.

ಏಪ್ರಿಲ್ 2

ಮೂರು ವಾರ ಆ ಕಡೆ ತಲೆ ಹಾಕಿರಲಿಲ್ಲ. ಇವತ್ತು ಹಸಿವು. ಗಾಡಿಯ ಮುಂದೆ ನನ್ನದೇ ಕ್ಲಾಸು.

"ನಂಗೆ ಹಲ್ಲಿನ ಪುಟ ಬಂತು ಕಣೋ. ನಿಂದ್ಯಾವುದು?"

"ಅಂಕಲ್, ಇದು ನಿನ್ನೇನೇ ಬಂದಿತ್ತು. ಬೇರೆ ಪುಟದಲ್ಲಿ ಸುತ್ತಿಕೊಡಿ."

"ತಿನ್ನೋಕೆ ಬಂದಿದೀರೋ, ಓದೋಕೆ ಬಂದಿದೀರೋ?" ಗಾಡಿಯವನ ಗೊಣಗಾಟ.

ರಬಾಬ್ ಎಣ್ಣೆ ಒರೆಸಿ, ಪುಟವನ್ನು ಮಡಚಿ ನೋಟ್‌ಬುಕ್ಕಿಗೆ ಸೇರಿಸುತ್ತಿದ್ದಳು. ನನ್ನನ್ನು ನೋಡಿ ಕಣ್ಣು ತಗ್ಗಿಸಿದಳು. ನಾನು ಎರಡು ಫಲಾಫೆಲ್ ತಿಂದೆ. ಎಷ್ಟು ಖುಷಿಯಾಯಿತು ಎಂದರೆ...

ಜೂನ್ 11, ಮಧ್ಯಾಹ್ನ

ಉತ್ತರ ಪತ್ರಿಕೆ. ನಲವತ್ತೇಳನೆಯದು. ಹೆಸರಿನ ಮೂಲೆ ಕಾಣದಂತೆ ಮಡಚಿ ಅಂಟಿಸಿದ್ದಾರೆ, ನಿಯಮದಂತೆ. ಕೇಳಿದ್ದಕ್ಕೆಲ್ಲ ಸರಿಯುತ್ತರ. ಆಮೇಲೆ ಹೊಸ ಪುಟ:

"ಇದು ಕೈಬಿಟ್ಟ ಭಾಗದ್ದು. ಅಂಕ ಬೇಡ. ಬರೆಯಬೇಕು ಅನ್ನಿಸಿತು."

ತನ್ನ ಅಪ್ಪನ ಹೆಸರು. ಅವನ ಅಪ್ಪ. ಅವನ ಅಪ್ಪ... ಹಿರಿಯರು ಪಠಿಸುವ ಹಾಗೆಯೇ, ಹತ್ತೊಂಬತ್ತು. ಮಡಚಿದ ಮೂಲೆ ಇನ್ನು ಯಾಕೆ. ಕುರ್ನಾದ ಆ ಮನೆತನ ಯಾರಿಗೆ ಗೊತ್ತಿಲ್ಲ. ಹತ್ತೊಂಬತ್ತಕ್ಕೆ ನಿಲ್ಲಲಿಲ್ಲ ಹುಡುಗಿ. ಹೆಸರಿಲ್ಲದವರು. ಬೆಂಕಿ ಹೊತ್ತಿಸಿದವರು. ಕಲ್ಲು ಒಡೆದವರು. ಆಮೇಲೆ ಒಂದು ಗೇಣು ಖಾಲಿ ಜಾಗ.

"ಪುಟ 146 ನನಗೆ ಸಿಗಲಿಲ್ಲ. ಎಷ್ಟು ಫಲಾಫೆಲ್ ತಿಂದರೂ ಬರಲಿಲ್ಲ. ಊಹಿಸಿ ಬರೆಯಬಾರದೆಂದು ಖಾಲಿ ಬಿಟ್ಟಿದ್ದೇನೆ."

147ರಿಂದ ಮತ್ತೆ ಶುರು.

ಅತ್ತುಬಿಟ್ಟೆ. ಸಿಗದ ಮೂಳೆಯ ಜಾಗವನ್ನು ಖಾಲಿ ಬಿಡುವುದು — ಇದೊಂದನ್ನು ಕಲಿಸಲು ಎಷ್ಟು ವರ್ಷ ಗಂಟಲು ಹರಿದುಕೊಂಡಿದ್ದೇನೆ. ಆ ಖಾಲಿ ಜಾಗದ ಪಕ್ಕದಲ್ಲೇ, ಕೆಂಪು ಪೆನ್ನಿನಲ್ಲಿ, ಹತ್ತಕ್ಕೆ ಹತ್ತು.

ಜೂನ್ 12, ಬೆಳಿಗ್ಗೆ 11

ಮುಹನ್ನದ್ ತಪಾಸಣೆಗೆ ಹೋದ ಆ ಪತ್ರಿಕೆ ಹಿಡಿದು ಕೂತಿದ್ದರು.

"ಈ ಹತ್ತು ಹೊಡೆದುಹಾಕಿ."

"ಹೊಡೆಯಲ್ಲ ಸರ್."

"ಪಾಠ ಹೋಗುತ್ತೆ ಸುಹಾದ್. ಪುಸ್ತಕಾನೂ."

"ಹೋಗ್ಲಿ. ಅವಳು ಓದಿಯಾಯ್ತಲ್ಲ."

ಅವರೇ ಗೀಟು ಎಳೆದರು. ಎಳೆಯುವ ಮುಂಚೆ ಆ ಪುಟವನ್ನು ಪೂರ್ತಿ ಓದಿದರು. ಅದನ್ನು ನೋಡಿದೆ.

ಕೋಣೆಗೆ ಬಂದು, ನನ್ನಲ್ಲಿ ಉಳಿದಿದ್ದ ಒಂದೇ ಅಚ್ಚಿನ ಪ್ರತಿಯಿಂದ ಬ್ಲೇಡಿನಲ್ಲಿ 146 ಕತ್ತರಿಸಿದೆ. ಹನ್ನೆರಡಕ್ಕೆ ಕೆಮಿಸ್ಟ್ರಿ ಪರೀಕ್ಷೆ ಮುಗಿಯುತ್ತದೆ, ರಬಾಬ್ ಸೀದಾ ಗಾಡಿಗೆ ಬರುತ್ತಾಳೆ. ಗಾಡಿಯವನಿಗೆ ಹೇಳಿದ್ದೇನೆ, ಅವಳದ್ದನ್ನು ಇವತ್ತು ಸುತ್ತುವುದು ನಾನು. ಗಂಟೆ ಹೊಡೆಯಿತು, ಬೇಗ ಬಿಟ್ಟ ಹಾಗಿದೆ —