ಅಕ್ಟೋಬರ್ ಹದಿಮೂರು, ವಿಚಾರಣೆ ಇಲ್ಲ

ವಾಷಿಂಗ್ಟನ್
ಜೂನ್ ೯, ಶುಕ್ರವಾರ

ನನ್ನ ಹ್ಯಾಟಿ,

ಕುಳಿತುಕೊಂಡು ಓದು. ನಿನ್ನ ಮದುವೆಗೆ ನಾನು ಬರುತ್ತಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು “ಅಮ್ಮಾ, ನಿಂಗೆ ಕರೆಯೋಲೆ ಸಾಕಾಗಲ್ಲ, ಸಮನ್ಸೇ ಕಳಿಸ್ಬೇಕು” ಅಂದಾಗ ನಕ್ಕು ಮಾತು ಮರೆಸಿದೆ. ನಿನ್ನ ಪದವಿ ಪ್ರದಾನದ ದಿನವೂ ಸಿಮೆಂಟ್ ಕಂಪನಿಗಳ ವಿರುದ್ಧ ವಾದಿಸುತ್ತ ನಿಂತಿದ್ದವಳು ನಾನು.

ಈ ಸಲ ಬ್ರೆಡ್ಡು. ಎರಡು ದೊಡ್ಡ ಬ್ರೆಡ್ ಕಂಪನಿಗಳು ಒಂದಾಗಲು ಹೊರಟಿವೆ. ಒಂದಾದರೆ ಪೈಪೋಟಿ ಸತ್ತು ಬೆಲೆ ಏರುತ್ತದೆ, ತಡೆಯಿರಿ ಎಂದು ಸರ್ಕಾರದ ಪರವಾಗಿ ನಾವು ಕೇಳಿದ್ದೇವೆ. ಅವರ ಒಪ್ಪಂದದ ಅವಧಿ ಡಿಸೆಂಬರಿಗೆ ಮುಗಿಯುವುದರಿಂದ ಅವರಿಗೆ ಆಗಸ್ಟಿನಲ್ಲೇ ವಿಚಾರಣೆ ಬೇಕು. ರಾಶಿ ಕಾಗದ ಓದಬೇಕಾದ ನಮಗೆ ಜನವರಿ ಬೇಕು. ಇಂದು ದಿನ ಗೊತ್ತುಮಾಡಲು ಸೇರಿದ್ದೆವು. ನ್ಯಾಯಾಧೀಶ ಬ್ರಾಂಡ್ ಇಬ್ಬರಿಗೂ ಕಿವಿಗೊಟ್ಟು, “ಅಕ್ಟೋಬರ್ ಎರಡರಿಂದ ಮೂರು ವಾರ. ಯಾರಿಗಾದ್ರೂ ತೊಂದರೆ ಇದೆಯೇನ್ರಿ?” ಎಂದರು.

ನಿನ್ನ ಹದಿಮೂರನೇ ತಾರೀಖು ಅದರ ನಟ್ಟನಡುವೆ.

ನಾನು ಬಾಯಿ ಬಿಡಲಿಲ್ಲ, ಹ್ಯಾಟಿ. ಹೇಳಿದ್ದರೆ, ಸರ್ಕಾರ ಜನವರಿ ಕೇಳಿದ್ದೇ ವಕೀಲರ ಮನೆಯ ಮದುವೆಗಾಗಿ ಎಂದು ಆಡಿಕೊಳ್ಳುತ್ತಿದ್ದರು. ಮೇಜಿನ ಅಂಚು ಹಿಡಿದು ಕುಳಿತೆ.

ಆಗ ಎದ್ದವರು ಎದುರು ಪಕ್ಷದ ವಕೀಲ ರಾಸ್ ಟಿಲ್ಮನ್. ಇಪ್ಪತ್ತು ವರ್ಷದಿಂದ ನನ್ನೊಡನೆ ಕೋರ್ಟಿನಲ್ಲಿ ಜಗಳವಾಡುತ್ತ ಬಂದ ಮನುಷ್ಯ.

“ಸ್ವಾಮಿ, ಹನ್ನೆರಡು, ಹದಿಮೂರು ಬಿಡುವು ಬೇಕು. ಒಂದು ಮದುವೆ.”

“ಅರ್ಜೆಂಟು ಅಂತ ಕುಣೀತಿದ್ದೋರು ನೀವೇ ಅಲ್ವಾ? ಯಾರ ಮದುವೆ, ನಿಮ್ದಾ?”

“ನನ್ನನ್ನ ಕರೆದೂ ಇಲ್ಲ, ಸ್ವಾಮಿ.”

ನ್ಯಾಯಾಧೀಶರು ಕ್ಯಾಲೆಂಡರ್ ನೋಡಿದರು. “ಹದಿಮೂರು, ಅದೂ ಶುಕ್ರವಾರ! ಅಂಥಾ ಅಪಶಕುನದ ದಿನ ಯಾರ್ರೀ ಮದುವೆ ಆಗೋರು?”

ಟಿಲ್ಮನ್ ನನ್ನ ಕಡೆ ತಿರುಗಿದರು. ಕಿವಿಯವರೆಗೂ ಕೆಂಪಾಗಿ ಎದ್ದು ನಿಂತೆ. “ನನ್ನ ಮಗಳು, ಸ್ವಾಮಿ. ಆ ದಿನ ಹಾಲ್ ಸುಲಭವಾಗಿ ಸಿಕ್ತಂತೆ.”

ಕೋರ್ಟಿಗೆ ಕೋರ್ಟೇ ನಕ್ಕಿತು. ಎರಡು ದಿನದ ಬಿಡುವು ಆದೇಶದಲ್ಲೇ ಸೇರಿತು.

ಟಿಲ್ಮನ್‌ಗೆ ಹೇಗೆ ಗೊತ್ತಾಯಿತು ಅನ್ನುತ್ತೀಯಾ? ದಿನಾಂಕಗಳ ಜಂಟಿ ಕರಡು ಎರಡೂ ಕಡೆಯವರ ನಡುವೆ ಓಡಾಡುತ್ತಿತ್ತು. ನಮ್ಮ ನಮ್ಮಲ್ಲೇ ಎಂದು ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನು ಅಳಿಸಿಯೇ ಕಳಿಸಬೇಕು. ಅದು ಈ ಕಸುಬಿನ ಮೊದಲ ಪಾಠ. ಅಕ್ಟೋಬರಿನ ಸಾಲಿನ ಪಕ್ಕ ನನ್ನದೊಂದು ಮರೆತು ಉಳಿದುಬಿಟ್ಟಿತ್ತು: ‘೧೩, ಹ್ಯಾಟಿಯ ಮದುವೆ. ಯಾರಿಗೂ ಹೇಳಬಾರದು.’

“ಯಾರಿಗೂ ಹೇಳ್ಬಾರ್ದು ಅಂತ ನಮಗೇ ಬರೆದು ಕಳಿಸಿದ್ರಲ್ಲಮ್ಮ!” ಎಂದು ಟಿಲ್ಮನ್ ಹೊರಗೆ ಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಸಾಕ್ಷಿಗಳ ವಿಷಯದಲ್ಲಿ ಮಾತ್ರ ಇಷ್ಟು ಒಳ್ಳೆಯವನಲ್ಲ, ನೆನಪಿರ್ಲಿ.”

ಮನೆಗೆ ಬಂದು ಕವಿತೆಯ ಪುಸ್ತಕ ತೆರೆದೆ. ಒಂದು ಸಾಲೂ ತಲೆಗೆ ಹತ್ತಲಿಲ್ಲ, ಅಷ್ಟು ಖುಷಿ. ಹನ್ನೆರಡರ ಬೆಳಗಿನ ವಿಮಾನಕ್ಕೆ ಡುಲೂತ್‌ಗೆ ಬರುತ್ತೇನೆ. ಅಜ್ಜಿಯ ನೀಲಿ ಟೋಪಿ ಹಾಕಿಕೊಳ್ಳುತ್ತೇನೆ, ನಗಬಾರದು.

ಈ ಸಲ ಖಂಡಿತ ಹಾಜರಾಗುವ
ನಿನ್ನ ಅಮ್ಮ,
ಕೊರಿನ್

ಮರೆತಿದ್ದೆ: ಟಿಲ್ಮನ್‌ಗೂ ಒಂದು ಕರೆಯೋಲೆ ಕಳಿಸು. ಇನ್ನೊಂದು, ನಿನ್ನಲ್ಲೇ ಇರಲಿ. ಆ ಕರಡಿನಲ್ಲಿ ನನ್ನವು ಹದಿನೆಂಟು ಟಿಪ್ಪಣಿಗಳಿದ್ದವು. ಹದಿನೇಳನ್ನು ಒಂದೊಂದಾಗಿ ನಾನೇ ಅಳಿಸಿದೆ. ಅದೊಂದನ್ನು ಅಳಿಸಲು ಕೈ ಬರಲಿಲ್ಲ.