ತಾಯಂದಿರ ಜೌಗಿಗೆ ಒಂದು ನೇರ ದಾರಿ

ವನ್ಯಜೀವಿ ಇಲಾಖೆಯ ಮಾನ್ಯ ಪ್ರಾದೇಶಿಕ ನಿರ್ದೇಶಕರೇ,

ಎಪ್ಪತ್ತೊಂಬತ್ತು ವರ್ಷದ ನನ್ನ ಅಪ್ಪನಿಗೆ ನೀವು ಕಳಿಸಿದ ನೋಟಿಸು ತಲುಪಿದೆ. ಇಸಿದೋರ್ ಎಂಬ ವ್ಯಕ್ತಿಯು ಆಗಸ್ಟ್ ತಿಂಗಳಲ್ಲಿ, ಅನುಮತಿಯಿಲ್ಲದೆ, ಕ್ಯಾರಿಬೂ ಹಿಮಸಾರಂಗಗಳ ಸಂಶೋಧನಾ ದಾರಿಗೆ ಅಡ್ಡಲಾಗಿ ನಲವತ್ತಮೂರು ಸ್ಪ್ರೂಸ್ ಮರಗಳನ್ನು ಕಡಿದು ಉರುಳಿಸಿರುತ್ತಾನೆ, ಇದರಿಂದ ಅಧ್ಯಯನಕ್ಕೆ ಅಡಚಣೆಯಾಗಿರುತ್ತದೆ ಎಂದು ಅದರಲ್ಲಿದೆ. ಎಣಿಕೆ ಸರಿಯಾಗಿದೆ. ಆರೋಪಿ ಒಪ್ಪಿಕೊಂಡಿದ್ದಾನೆ. ನೋಟಿಸು ಓದಿ ಹೇಳಿದಾಗ ಅವನು ಅಂದದ್ದು ಇಷ್ಟು: "ಇನ್ನೂ ಒಂದು ಮೈಲಿ ಬಾಕಿ ಇತ್ತು ಅಂತ ಬರಿ. ಸೊಂಟ ಹಿಡ್ಕೊಂಡ್ತು, ಬಂದ್ಬಿಟ್ಟೆ."

ಎಣ್ಣೆ ಹುಡುಕುವ ಕಂಪನಿಗಳು ನಮ್ಮ ಕಾಡಿನಲ್ಲಿ ರೂಲರು ಹಿಡಿದಂತೆ ಉದ್ದುದ್ದ ಗೆರೆ ಕಡಿದುಕೊಂಡು ಹೋದವಲ್ಲ, ಆಗ ನಿಮ್ಮ ನೋಟಿಸುಗಳೆಲ್ಲ ಯಾವ ಕಪಾಟಿನಲ್ಲಿ ನಿದ್ದೆ ಹೊಡೆಯುತ್ತಿದ್ದವು? ನಾನು ಹುಟ್ಟುವ ಮೊದಲು ಕಡಿದ ಗೆರೆಗಳಲ್ಲಿ ಇವತ್ತಿಗೂ ಮರ ಎದ್ದಿಲ್ಲ. ಅದು ಅಭಿವೃದ್ಧಿ, ಮುದುಕನೊಬ್ಬನ ಕೊಡಲಿ ಮಾತ್ರ ಅಪರಾಧ. ಇರಲಿ, ದೊಡ್ಡವರ ಲೆಕ್ಕಾಚಾರ ನಮಗೆಲ್ಲಿ ತಿಳಿಯಬೇಕು.

ಆ ದಾರಿ ಹುಟ್ಟಿದ್ದು ಹೇಗೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಹೋದ ಸೆಪ್ಟೆಂಬರಿನಲ್ಲಿ ನಿಮ್ಮ ವಿಜ್ಞಾನಿ ಇಂಗ್ರಿಡ್ ನಮ್ಮೂರಿಗೆ ಬಂದಳು. ಒಳ್ಳೆಯ ಹುಡುಗಿ. ನಮ್ಮ ಒಣಮಾಂಸ ತಿಂದಳು, ಮೊಲದ ಉರುಲು ಹಾಕಲು ಕಲಿತಳು, ತನ್ನ ಉರುಲಿಗೆ ತಾನೇ ಸಿಕ್ಕಿ ಬಿದ್ದಾಗ ಅಪ್ಪನ ಜೊತೆ ಸೇರಿ ನಕ್ಕಳು. ಕಾಡಿನಲ್ಲಿ ಕ್ಯಾರಿಬೂಗಳು ವರ್ಷವರ್ಷವೂ ಕಡಿಮೆಯಾಗುತ್ತಿವೆ, ಬಸುರಿ ಹೆಣ್ಣುಗಳು ಚಳಿಗಾಲದ ಕೊನೆಗೆ ಎಲ್ಲಿ ಸೇರುತ್ತವೆಂದು ಗೊತ್ತಾದರೆ ಆ ಜಾಗಕ್ಕೆ ಯಾವ ಕಂಪನಿಯೂ ಕಾಲಿಡದಂತೆ ಮಾಡಬಹುದು ಅಂದಳು. ಅವಳು ಅದನ್ನು ನಂಬಿಯೇ ಹೇಳಿದ್ದಳು.

ಆ ಜಾಗವನ್ನು ನಮ್ಮವರು ಯಾರಿಗೂ ಹೇಳುವುದಿಲ್ಲ. ಅದರ ಕಡೆಗೆ ಬೆರಳು ಕೂಡ ತೋರಿಸುವುದಿಲ್ಲ. ತಾಯಂದಿರ ಜೌಗು ಎಂದು ಮನೆಯೊಳಗೆ ಮೆಲ್ಲಗೆ ಅನ್ನುತ್ತೇವೆ, ಅಷ್ಟೆ. ಅಪ್ಪ ಹನ್ನೊಂದು ದಿನ ಒಪ್ಪಲಿಲ್ಲ. ಒಪ್ಪಿಸಿದವಳು ನಾನು. ಕಂಪನಿಯವರು ಬಂದು ಮೇಲೆ ಬೀಳುವುದಕ್ಕಿಂತ ಇವರಿಗೆ ಹೇಳುವುದು ವಾಸಿ ಎಂದು ದಿನಾ ಅವನ ತಲೆ ತಿಂದೆ.

ಹನ್ನೆರಡನೆಯ ದಿನ ಊರ ಸಭಾಮನೆಯ ಮೇಜಿನ ಮೇಲೆ ನಕ್ಷೆ ಹಾಸಿದರು. ಅಪ್ಪ ಬೆರಳಿಟ್ಟ. ಜೀವಮಾನದಲ್ಲಿ ಮೊದಲ ಸಲ. ಆಮೇಲೆ ಅರ್ಧ ಗಂಟೆ ಮಾತಾಡಿದ. ಅಲ್ಲಿಗೆ ಹೋಗುವ ಬಗೆ ಹೇಗೆಂದು. ಗಾಡಿಯಲ್ಲಿ ಕೂಡದು, ಕಾಲಿಗೆ ಹಿಮದ ಮೆಟ್ಟು ಕಟ್ಟಿಕೊಂಡು ಸುತ್ತಿ ಬಳಸಿ ಹೋಗಬೇಕು. ಒಂದೇ ಜಾಡಿನಲ್ಲಿ ಎರಡು ಸಲ ನಡೆಯಬಾರದು. ಕಡೆಯಲ್ಲಿ ಬರುವವನು ಸ್ಪ್ರೂಸ್ ಕೊಂಬೆ ಎಳೆಯುತ್ತ ಜಾಡು ಕೆಡಿಸುತ್ತ ಬರಬೇಕು. ಯಾಕೆಂದರೆ ಆ ತಾಯಂದಿರಿಗೆ ಇರುವ ಕೋಟೆ ಎದೆಯುದ್ದದ ಮೆತ್ತನೆ ಹಿಮ ಒಂದೇ. ತೋಳ ಅದರಲ್ಲಿ ಹೂತುಹೋಗುತ್ತದೆ. ಹಿಮವನ್ನು ಒಮ್ಮೆ ತುಳಿದರೆ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಅದು ತೋಳದ ರಸ್ತೆ.

ದುಭಾಷಿ ನಾನಾಗಿದ್ದೆ. ಹೊರಗೆ ವಿಮಾನ ಕಾಯುತ್ತಿತ್ತು, ಪೈಲಟ್ ಎರಡು ಸಲ ಬಾಗಿಲಲ್ಲಿ ಇಣುಕಿ ಮೋಡ ತೋರಿಸಿದ. ಅಪ್ಪನ ಆ ಮಾತುಗಳನ್ನು ನಾನು ಚಿಕ್ಕಂದಿನಿಂದ ನೂರು ಸಲ ಕೇಳಿದ್ದೆ, ಕೇಳಿ ಕೇಳಿ ಕಿವಿಗೆ ರೂಢಿಯಾಗಿದ್ದವು. ಅರ್ಧ ಗಂಟೆಯ ಮಾತನ್ನು ನಾನು ಇಂಗ್ರಿಡ್‌ಗೆ ಒಂದೇ ವಾಕ್ಯದಲ್ಲಿ ಮುಗಿಸಿದೆ: "ಅಲ್ಲಿಗೆ ಮರ್ಯಾದೆಯಿಂದ ಹೋಗಬೇಕಂತೆ."

ಅವಳು ತಲೆಯಾಡಿಸಿ ಬರೆದುಕೊಂಡಳು. ಹೊರಗೆ ಬರುವಾಗ ಅಪ್ಪ ನನ್ನ ತೋಳು ಹಿಡಿದು ಕೇಳಿದ.

"ಎಲ್ಲಾ ಹೇಳ್ದೆ ತಾನೇ?"

"ಹೇಳ್ದೆ ಅಪ್ಪ."

ನಿಮ್ಮ ವರದಿಯಲ್ಲಿ ಆ ಅರ್ಧ ಗಂಟೆ 'ಸ್ಥಳೀಯರು ಈ ಪ್ರದೇಶವನ್ನು ಪವಿತ್ರವೆಂದು ನಂಬುತ್ತಾರೆ' ಎಂದಾಗಿದೆ. ನಿಮ್ಮವರು ಮರ್ಯಾದೆಯನ್ನೂ ಸಲ್ಲಿಸಿದರು. ಫೆಬ್ರವರಿಯಲ್ಲಿ ಜೌಗಿನ ಅಂಚಿಗೆ ಬಂದು, ನಮ್ಮ ಪದ್ಧತಿಯಂತೆ ನೆಲಕ್ಕೆ ಒಂದು ಚಿಟಿಕೆ ಹೊಗೆಸೊಪ್ಪು ಇಟ್ಟು, ಕೈಮುಗಿದು, ಆಮೇಲೆ ಹಿಮದ ಗಾಡಿಗಳನ್ನು ಒಳಗೆ ಓಡಿಸಿದರು. ಒಂಬತ್ತು ಮೈಲಿ, ನೇರ. ಕ್ಯಾಮರಾ ಕಟ್ಟಲು, ಹಿಕ್ಕೆ ಆರಿಸಲು, ವಾರವಾರವೂ ಅದೇ ಜಾಡಿನಲ್ಲಿ.

ಒಳಗೆ ಹದಿನಾಲ್ಕು ಹೆಣ್ಣುಗಳಿದ್ದವು, ಎಲ್ಲವೂ ಬಸುರಿ. ಏಪ್ರಿಲಿನಲ್ಲಿ ಇಂಗ್ರಿಡ್ ನಮ್ಮ ಬಾಗಿಲಿಗೆ ಬಂದು ನಿಂತಳು. ನಿಮ್ಮದೇ ಕ್ಯಾಮರಾದ ಚಿತ್ರ ತೋರಿಸಿದಳು: ನಿಮ್ಮ ದಾರಿಯ ಮೇಲೆ ಏಳು ತೋಳ, ಒಂದರ ಹಿಂದೊಂದು, ಅವಸರವಿಲ್ಲದೆ. ಹನ್ನೆರಡು ತಾಯಂದಿರು ಹೋದವು. ನಾನೂ ಅಪ್ಪನೂ ಹೋಗಿ ನೋಡಿದೆವು. ತೋಳಗಳನ್ನು ಅವನು ಬೈಯಲಿಲ್ಲ, ಅವು ತಮ್ಮ ಹೊಟ್ಟೆಪಾಡು ನೋಡಿಕೊಂಡವು. ಸತ್ತ ಒಂದೊಂದರ ಬಳಿಯೂ ಟೊಪ್ಪಿ ತೆಗೆದು ಮಂಡಿಯೂರಿ ಹೇಳಿದ: "ನಾನೇ ಕಣವ್ವ ತೋರ್ಸಿದ್ದು." ಹನ್ನೆರಡು ಸಲ ಹೇಳಿದ. ನಾನು ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರೆ. ನೀವು ಅದನ್ನೂ ಹಾಕಲಿಲ್ಲ. ದಾರಿ ಮುಚ್ಚಿ ಎಂದು ನಾನು ಬರೆದ ಐದು ಪತ್ರಗಳಿಗೆ ಒಂದು ಉತ್ತರ ಬಂತು: ಹೋಲಿಕೆಗಾಗಿ ಇನ್ನೆರಡು ಚಳಿಗಾಲ ದಾರಿ ತೆರೆದಿರಬೇಕು, ಸದರಿ ಘಟನೆಯು ಅಮೂಲ್ಯ ಮಾಹಿತಿಯನ್ನು ಒದಗಿಸಿದೆ. ಯಾರಿಗೆ ಅಮೂಲ್ಯ, ಮಾನ್ಯರೇ? ಕ್ಯಾರಿಬೂ ಯಾಕೆ ಸಾಯುತ್ತದೆಂದು ತಿಳಿಯಲು ಇನ್ನೆಷ್ಟು ಸಾಯಬೇಕು? ಮುಚ್ಚಿ ಎಂದು ಬರೆದ ಇಂಗ್ರಿಡ್‌ಗೂ ನೀವು ಬೇರೆ ಊರು ತೋರಿಸಿದಿರಿ. ಹೋಗುವ ಮುನ್ನ ಅವಳು ವಿಮಾನದಿಂದ ಒಮ್ಮೆ ನೋಡಿ ಬಂದು ಹೇಳಿದಳು: ಉಳಿದ ಎರಡರಲ್ಲಿ ಒಂದರ ಪಕ್ಕ ಕರುವಿದೆ. ಅದನ್ನು ಕೇಳಿದ ಮೇಲೆಯೇ ಅಪ್ಪ ಕೊಡಲಿ ಮಸೆದದ್ದು.

ಅಕ್ಟೋಬರಿನಲ್ಲಿ ಹಿಮ ಬೀಳುತ್ತದೆ. ಅಷ್ಟರೊಳಗೆ ಉಳಿದ ಆ ಒಂದು ಮೈಲಿಗೆ ನಿಮ್ಮ ಜನ ಬಂದು ಮರ ಉರುಳಿಸಲಿ; ಬರದಿದ್ದರೆ ನಾನು ಉರುಳಿಸುತ್ತೇನೆ, ಇದನ್ನು ಮುಂಚಿತ ತಪ್ಪೊಪ್ಪಿಗೆಯೆಂದು ಕಡತಕ್ಕೆ ಸೇರಿಸಿಕೊಳ್ಳಿ. ನಕ್ಷೆಯಿಂದ ಆ ಚುಕ್ಕೆ ಅಳಿಸಿ. ಅಪ್ಪನ ಹೆಸರಿನ ನೋಟಿಸು ಹಿಂದಕ್ಕೆ ಪಡೆದು ನನ್ನ ಹೆಸರಿಗೆ ಬರೆಯಿರಿ. ಅವನ ಅರ್ಧ ಗಂಟೆಯ ಮಾತನ್ನು ಪೂರ್ತಿ ಅನುವಾದಿಸಿ ಇದರೊಡನೆ ಇಟ್ಟಿದ್ದೇನೆ. ಒಂಬತ್ತು ಪುಟ ಆಯಿತು.

ಈ ಪತ್ರವನ್ನು ಶನಿವಾರ ಊರ ರೇಡಿಯೋದಲ್ಲಿ ನಮ್ಮ ಭಾಷೆಯಲ್ಲಿ ನಾನೇ ಓದುತ್ತೇನೆ. ಅಪ್ಪ ಪ್ರತಿ ಶನಿವಾರ ಚಹಾ ಇಟ್ಟುಕೊಂಡು ಕೇಳುತ್ತಾನೆ. ಎದುರಿಗೆ ಕೂತು ಹೇಳಲು ನನಗೆ ಮುಖವಿಲ್ಲ. ಎಲ್ಲಾ ಹೇಳ್ದೆ ತಾನೇ ಎಂದು ಅವನು ಕೇಳಿ ಒಂದು ವರ್ಷವಾಯಿತು. ಈ ಸಲ ಒಂದು ಮಾತನ್ನೂ ಬಿಟ್ಟಿಲ್ಲ.

ಇಂತಿ,
ನಿಮ್ಮ ವರದಿಯಲ್ಲಿ 'ನುರಿತ ಸ್ಥಳೀಯ ದುಭಾಷಿ' ಎಂದು ವಂದನೆಗೆ ಪಾತ್ರಳಾದ,
ಇಸಿದೋರನ ಮಗಳು ಫಿಲೋಮಿನ್